ನಮ್ಮ ಕಂಪನಿಯ ಲೆಕ್ಕ ಊರಿಗೆಲ್ಲ ಯಾಕೆ ಗೊತ್ತಾಗಬೇಕು?

ಪ್ರಶ್ನೆ: ನಾನು ಮತ್ತು ನನ್ನ ತಮ್ಮ ಸೇರಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತಿದ್ದೇವೆ. 38 ಜನ ಕೆಲಸಕ್ಕಿದ್ದಾರೆ. ಷೇರು ಪೇಟೆಗೆ ಹೋಗಿಲ್ಲ, ಹೊರಗಿನವರ ಒಂದು ಪೈಸೆಯೂ ನಮ್ಮಲ್ಲಿಲ್ಲ. ಆದರೂ ವರ್ಷ ವರ್ಷ ಲೆಕ್ಕ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಹೋದ ವರ್ಷ ನಮ್ಮ ದೊಡ್ಡ ಗಿರಾಕಿಯೊಬ್ಬರು ಅದನ್ನೇ ಮುಂದಿಟ್ಟು, 'ಇಷ್ಟು ಲಾಭ ಮಾಡ್ತಿದ್ದೀರಲ್ಲ, ರೇಟು ಇಳಿಸಿ' ಅಂದರು. ಇಳಿಸಬೇಕಾಯಿತು. ಅದೇ ವರ್ಷ ನಾವು ಉದ್ರಿ ಮಾಲು ಕೊಡುತ್ತಿದ್ದ ಇನ್ನೊಂದು ಖಾಸಗಿ ಕಂಪನಿ ಬಾಗಿಲು ಹಾಕಿತು. ನಮ್ಮ ಬಾಕಿ ಮುಳುಗಿತು. ಆಮೇಲೆ ನೋಡಿದರೆ ಅವರು ಎರಡು ವರ್ಷದಿಂದ ಲೆಕ್ಕವನ್ನೇ ಸಲ್ಲಿಸಿರಲಿಲ್ಲ. ಖಾಸಗಿ ಕಂಪನಿಯ ಲೆಕ್ಕ ಸಾರ್ವಜನಿಕರಿಗೆ ಯಾಕೆ ಬೇಕು? ಈ ನಿಯಮ ಸರಿಯಾ, ತಪ್ಪಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮ್ಮ ಲೆಕ್ಕ ತೆರೆದಿತ್ತು, ಅದರಿಂದ ಪೆಟ್ಟು ಬಿತ್ತು. ಇನ್ನೊಬ್ಬರ ಲೆಕ್ಕ ಮುಚ್ಚಿತ್ತು, ಅದರಿಂದಲೂ ಪೆಟ್ಟು ಬಿತ್ತು. ಎರಡನ್ನೂ ತೂಗಿ ನೋಡಿ ಹೇಳುತ್ತೇನೆ: ಹೌದು, ಖಾಸಗಿ ಕಂಪನಿಯೂ ತನ್ನ ಲೆಕ್ಕವನ್ನು ಸಾರ್ವಜನಿಕರ ಮುಂದೆ ಇಡಬೇಕು. ಆದರೆ ಎಲ್ಲ ಕಂಪನಿಗೂ ಒಂದೇ ಅಳತೆ ಸಲ್ಲದು. ನಿಮ್ಮ ಗಿರಾಕಿಯ ಕೈಗೆ ಸಿಕ್ಕ ಆ ಲಾಭದ ಅಂಕಿ ನಿಮ್ಮಷ್ಟು ಚಿಕ್ಕ ಕಂಪನಿಯಿಂದ ಹೊರಗೆ ಬರಬೇಕಾಗಿರಲಿಲ್ಲ.

ನಿಮ್ಮ ಪತ್ರದ ಒಂದು ಮಾತಿನಿಂದಲೇ ಶುರು ಮಾಡೋಣ. 'ಹೊರಗಿನವರ ಒಂದು ಪೈಸೆಯೂ ನಮ್ಮಲ್ಲಿಲ್ಲ' ಅಂದಿದ್ದೀರಿ. ಬಹಳಷ್ಟು ಮಾಲೀಕರು ಹೀಗೇ ಹೇಳುತ್ತಾರೆ, ಹಾಗಂತ ನಂಬಿಯೂ ಇರುತ್ತಾರೆ. ನಿಮ್ಮದೇ ಬ್ಯಾಲೆನ್ಸ್ ಶೀಟ್, ಅಂದರೆ ಕಂಪನಿಯ ಆಸ್ತಿ ಮತ್ತು ಸಾಲಗಳ ಪಟ್ಟಿ, ತೆಗೆದು ಕಂಪನಿ ಕೊಡಬೇಕಾದ ಬಾಕಿಗಳ ಭಾಗವನ್ನು ಒಮ್ಮೆ ನೋಡಿ. ಬ್ಯಾಂಕಿನ ಸಾಲ ಇರುತ್ತದೆ. ಅದರ ಕೆಳಗೆ, ಮಾಲು ಕೊಟ್ಟು ಇನ್ನೂ ದುಡ್ಡು ಕೈಸೇರದವರ ಬಾಕಿ ಇರುತ್ತದೆ. ಗಿರಾಕಿಗಳು ಕೊಟ್ಟ ಮುಂಗಡ ಇರುತ್ತದೆ. ಗಿರಾಕಿಯಿಂದ ವಸೂಲಾಗಿ ಇನ್ನೂ ಸರ್ಕಾರಕ್ಕೆ ಕಟ್ಟದ ತೆರಿಗೆ ಇರುತ್ತದೆ. ತಿಂಗಳೆಲ್ಲ ದುಡಿದು ಕೊನೆಗೆ ಸಂಬಳ ತಗೊಳ್ಳುವ ಆ 38 ಜನರೂ ಒಂದು ಲೆಕ್ಕದಲ್ಲಿ ನಿಮಗೆ ಸಾಲ ಕೊಟ್ಟವರೇ. ಇವರಲ್ಲಿ ಯಾರೂ ಷೇರುದಾರರಲ್ಲ. ಆದರೂ ಇವರೆಲ್ಲರ ದುಡ್ಡು ನಿಮ್ಮ ಕಂಪನಿಯೊಳಗಿದೆ. ಮುಳುಗಿದ ಆ ಕಂಪನಿಯೊಳಗೆ ನಿಮ್ಮ ದುಡ್ಡು ಇದ್ದದ್ದೂ ಹೀಗೆಯೇ, ಅಲ್ವಾ?

ಈಗ ನಿಮ್ಮ ಬೋರ್ಡಿನ ಮೇಲಿರುವ 'ಲಿಮಿಟೆಡ್' ಅನ್ನುವ ಪದಕ್ಕೆ ಬರೋಣ. ದಿನಾ ನೋಡಿ ನೋಡಿ ಅದರ ಅರ್ಥ ಮರೆತೇ ಹೋಗುತ್ತದೆ. ಕಂಪನಿ ಮುಳುಗಿದರೆ ನಿಮ್ಮ ನಷ್ಟ ನೀವು ಹಾಕಿದ ಬಂಡವಾಳಕ್ಕೆ ಮಾತ್ರ ಸೀಮಿತ. ನಿಮ್ಮ ಮನೆ, ಒಡವೆ, ಉಳಿತಾಯಕ್ಕೆ ಸಾಲ ಕೊಟ್ಟವರು ಕೈ ಹಾಕುವಂತಿಲ್ಲ. ನೀವೇ ಜಾಮೀನು ನಿಂತಿದ್ದರೆ ಆ ಮಾತು ಬೇರೆ. ಇದು ದೊಡ್ಡ ರಕ್ಷಣೆ. ಇದಿಲ್ಲದಿದ್ದರೆ ಅರ್ಧಕ್ಕರ್ಧ ಉದ್ಯಮಗಳು ಹುಟ್ಟುತ್ತಲೇ ಇರಲಿಲ್ಲ. ಆದರೆ ರಕ್ಷಣೆ ಅಂದ ಮೇಲೆ ನಷ್ಟ ಮಾಯವಾಗುವುದಿಲ್ಲ. ಮಾಲೀಕರ ತಲೆಯಿಂದ ಇಳಿದು ಸಾಲ ಕೊಟ್ಟವರ ತಲೆ ಮೇಲೆ ಕೂರುತ್ತದೆ. ಸಮಾಜ ಈ ಅನುಕೂಲ ಮಾಡಿಕೊಟ್ಟಿದೆ. ಅದಕ್ಕೆ ಬದಲಾಗಿ ಕೇಳುವುದು ಇಷ್ಟೇ: ನಿಮ್ಮ ಜೊತೆ ವ್ಯವಹಾರ ಮಾಡುವವರಿಗೆ ನಿಮ್ಮ ಸ್ಥಿತಿ ಕಾಣಿಸಲಿ.

ಇದು ಕೊಡು-ಕೊಳ್ಳುವ ವ್ಯವಹಾರವೇ ಅನ್ನುವುದಕ್ಕೆ ಬ್ರಿಟನ್ನಿನ ಕಾನೂನಿನಲ್ಲಿ ಒಂದು ಒಳ್ಳೆ ಸಾಕ್ಷಿ ಇದೆ. ಅಲ್ಲಿ 'ಅನ್‌ಲಿಮಿಟೆಡ್' ಕಂಪನಿಯನ್ನೂ ಮಾಡಬಹುದು. ಕಂಪನಿ ಮುಳುಗಿದರೆ ಅದರ ಸದಸ್ಯರು ತಮ್ಮ ಸ್ವಂತ ಆಸ್ತಿಯಿಂದ ಸಾಲ ತೀರಿಸಬೇಕು. ಅಂಥ ಕಂಪನಿ ಕೆಲವು ಷರತ್ತಿಗೆ ಒಳಪಟ್ಟು ತನ್ನ ಲೆಕ್ಕವನ್ನು ಸಾರ್ವಜನಿಕ ದಾಖಲೆಗೆ ಸಲ್ಲಿಸಬೇಕಾಗಿಲ್ಲ. ಗುಟ್ಟು ಬೇಕಾದರೆ ಹೊಣೆ ಪೂರ್ತಿ ಹೊರಿ, ಹೊಣೆ ಇಳಿಸಿಕೊಳ್ಳಬೇಕಾದರೆ ಲೆಕ್ಕ ತೋರಿಸಿ. ಇಷ್ಟು ನೇರವಾದ ನಿಯಮವನ್ನು ನಾನು ಬೇರೆಲ್ಲೂ ನೋಡಿಲ್ಲ.

ಈ ಜಗಳ ಹೊಸದಲ್ಲ. ಬ್ರಿಟನ್ನಿನ 1844ರ ಕಾನೂನು ಕಂಪನಿಗಳು ಬ್ಯಾಲೆನ್ಸ್ ಶೀಟನ್ನು ರಿಜಿಸ್ಟ್ರಾರ್‌ಗೆ, ಅಂದರೆ ಕಂಪನಿಗಳ ದಾಖಲೆ ಇಡುವ ಸರ್ಕಾರಿ ಅಧಿಕಾರಿಗೆ, ಕೊಡಬೇಕು ಅಂದಿತು. 1855ರಲ್ಲಿ ಸೀಮಿತ ಹೊಣೆ ಬಂತು. ಮರುವರ್ಷವೇ, ಅಂದರೆ ಲೆಕ್ಕ ತೋರಿಸುವ ಅಗತ್ಯ ಇನ್ನೂ ಜಾಸ್ತಿಯಾದ ಹೊತ್ತಿಗೆ, ಆ ಕಡ್ಡಾಯವನ್ನು ಕೈಬಿಟ್ಟರು. ಅದರ ಫಲ ಏನು ಅನ್ನುವುದು ಆರನ್ ಸಾಲೊಮನ್ ಅವರ ಪ್ರಕರಣದಲ್ಲಿ ಕಾಣುತ್ತದೆ. ಅವರು ಲಂಡನ್ನಿನಲ್ಲಿ ಬೂಟು ತಯಾರಿಸುತ್ತಿದ್ದರು. 1892ರಲ್ಲಿ ಆ ಉದ್ಯಮವನ್ನು ಕಂಪನಿ ಮಾಡಿದರು. ಒಟ್ಟು 20,007 ಷೇರುಗಳಲ್ಲಿ 20,001 ಅವರದೇ. ಹೆಂಡತಿಗೆ ಒಂದು, ಐದು ಮಕ್ಕಳಿಗೆ ಒಂದೊಂದು. ಅದರ ಮೇಲೆ, ಕಂಪನಿ ತನಗೆ 10,000 ಪೌಂಡ್ ಕೊಡಬೇಕು ಅಂತ ಬರೆಸಿ, ಅದಕ್ಕೆ ಕಂಪನಿಯ ಆಸ್ತಿಯನ್ನೇ ಒತ್ತೆ ಇಟ್ಟುಕೊಂಡಿದ್ದರು. ವರ್ಷ ತಿರುಗುವುದರಲ್ಲಿ ಕಂಪನಿ ಮುಳುಗಿತು. ಉದ್ರಿ ಕೊಟ್ಟವರಿಗೆ ಏನೂ ಉಳಿಯಲಿಲ್ಲ. ಪ್ರಕರಣ ಅಲ್ಲಿನ ಮೇಲ್ಮನವಿಯ ಕೊನೆಯ ಮೆಟ್ಟಿಲಾದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಯಿತು. ಕಂಪನಿ ಬೇರೆ, ಸಾಲೊಮನ್ ಬೇರೆ ಅಂತ 1896ರ ನವೆಂಬರ್‌ನಲ್ಲಿ ತೀರ್ಪು ಬಂತು. ಕಾನೂನು ಕೊಟ್ಟ ದಾರಿಯಲ್ಲಿ ವಿಚಾರಿಸಿಕೊಳ್ಳದೆ ಸಾಲ ಕೊಟ್ಟವನು ಅದರ ಫಲವನ್ನು ತಾನೇ ಉಣ್ಣಬೇಕು ಅನ್ನುವ ಅರ್ಥದ ಮಾತೂ ಆ ತೀರ್ಪಿನಲ್ಲಿತ್ತು.

ಸರಿ, ಸಾಲ ಕೊಡುವವನು ವಿಚಾರಿಸಿಕೊಳ್ಳಲಿ. ಎಲ್ಲಿ ವಿಚಾರಿಸಬೇಕು? 1907ರ ಕಾನೂನು ಸಾರ್ವಜನಿಕರಿಗೆ ಷೇರು ಮಾರುವ ಪಬ್ಲಿಕ್ ಕಂಪನಿಗಳು ಬ್ಯಾಲೆನ್ಸ್ ಶೀಟ್ ಸಲ್ಲಿಸಲೇಬೇಕು ಅಂದಿತು, ಖಾಸಗಿ ಕಂಪನಿಗಳನ್ನು ಮಾತ್ರ ಬಿಟ್ಟಿತು. ಅಂದರೆ 'ನೋಡಿಕೊಂಡು ಸಾಲ ಕೊಡು' ಅಂತ ಒಂದು ಕಡೆ ಹೇಳಿ, ಇನ್ನೊಂದು ಕಡೆ ಪರದೆ ಎಳೆದ ಹಾಗಾಯಿತು. ಆ ಪರದೆ 1948ರಲ್ಲಿ ಅರ್ಧ ಸರಿಯಿತು, ಕುಟುಂಬದ ಕಂಪನಿಗಳಿಗೆ ವಿನಾಯಿತಿ ಉಳಿಯಿತು. 1967ರಲ್ಲಿ ಅದೂ ಹೋಯಿತು. ಅಲ್ಲಿಯವರೆಗೆ 60 ವರ್ಷ ಎಷ್ಟು ಜನ ಕುರುಡಾಗಿ ಮಾಲು ಕೊಟ್ಟಿರಬಹುದು ಅಂತ ನಾನು ಆಗಾಗ ಯೋಚಿಸುತ್ತೇನೆ.

ಇಲ್ಲಿ ನೀವೊಂದು ಮಾತು ಕೇಳಬಹುದು. 'ಸಾಲ ಕೊಟ್ಟವರಿಗೆ ತೋರಿಸೋಣ, ಬ್ಯಾಂಕಿಗೆ ಹೇಗೂ ತೋರಿಸ್ತೀವಿ. ಸಂಬಂಧವೇ ಇಲ್ಲದ ಸಾರ್ವಜನಿಕರಿಗೆ ಯಾಕೆ?' ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ.

ನಾನು ಆಡಿಟ್ ಕಲಿಯುತ್ತಿದ್ದ ಕಾಲ. ಬಾಗಿಲು ಹಾಕಿದ ಒಂದು ಖಾಸಗಿ ಕಂಪನಿಯಲ್ಲಿ ಉಳಿದ ದಾಸ್ತಾನು ಎಣಿಸಲು ನನ್ನನ್ನು ಕಳಿಸಿದ್ದರು. ಗೇಟಿನ ಹತ್ತಿರ ನಡುವಯಸ್ಸಿನವರೊಬ್ಬರು ನಿಂತಿದ್ದರು. ಆ ಕಂಪನಿಗೆ ರಟ್ಟಿನ ಪೆಟ್ಟಿಗೆ ಮಾಡಿಕೊಡುತ್ತಿದ್ದವರು. ಕೈಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿದ ಬಿಲ್ಲುಗಳ ಕಟ್ಟು. ಮೇಲಿನ ಬಿಲ್ಲಿನ ಅಂಚು ಬೆವರಿಗೆ ಮೆತ್ತಗಾಗಿತ್ತು. ಅವರು ಬೈಯಲಿಲ್ಲ, ಕೂಗಾಡಲಿಲ್ಲ. 'ಇವರ ಪರಿಸ್ಥಿತಿ ಕೆಟ್ಟಿದೆ ಅಂತ ಬ್ಯಾಂಕಿನವರಿಗೆ ಯಾವಾಗ ಗೊತ್ತಾಯ್ತು?' ಅಂತ ಮಾತ್ರ ಕೇಳಿದರು. ನನಗೆ ಅವತ್ತು ಗೊತ್ತಿರಲಿಲ್ಲ. ವಾರದ ನಂತರ ಕಡತ ನೋಡಿದಾಗ ತಿಳಿಯಿತು. ಬ್ಯಾಂಕಿಗೆ 14 ತಿಂಗಳ ಹಿಂದೆಯೇ ಗೊತ್ತಿತ್ತು. ತಿಂಗಳು ತಿಂಗಳು ಅವರಿಗೆ ದಾಸ್ತಾನು ಪಟ್ಟಿ ಹೋಗುತ್ತಿತ್ತು. ಅದನ್ನು ನೋಡಿ ಬ್ಯಾಂಕಿನವರು ಸದ್ದಿಲ್ಲದೆ ಸಾಲದ ಮಿತಿ ಇಳಿಸಿದ್ದರು. ಮಿತಿ ಇಳಿದಾಗ ಕಂಪನಿಗೆ ದುಡ್ಡಿನ ಅಭಾವ. ಆ ಅಭಾವ ತುಂಬಿಕೊಳ್ಳಲು ಅವರು ಹಿಡಿದ ದಾರಿ, ಮಾಲು ಕೊಡುವವರ ಬಾಕಿ ಎಳೆಯುವುದು. ಬ್ಯಾಂಕು ದುಡ್ಡು ಹಿಂದಕ್ಕೆ ತಗೊಂಡ ಅದೇ 14 ತಿಂಗಳಲ್ಲಿ ಪೆಟ್ಟಿಗೆಯವರ ಬಾಕಿ ಮೂರು ಪಟ್ಟು ಬೆಳೆದಿತ್ತು. ಗೊತ್ತಿದ್ದವರು ಹೊರಗೆ ಬಂದರು. ಅವರು ಬಿಟ್ಟ ಜಾಗವನ್ನು ಗೊತ್ತಿಲ್ಲದವರು ತುಂಬಿದರು. ಅವರಿಗೆ ಒಂದು ಕಾಸೂ ವಾಪಸ್ ಬರಲಿಲ್ಲ.

ಅವರು ಮೊದಲೇ ಲೆಕ್ಕ ಕೇಳಬಹುದಿತ್ತಲ್ಲ ಅನ್ನಬಹುದು. ಕೇಳಿದ್ದರೆ ಏನಾಗುತ್ತಿತ್ತು? 'ನಂಬಿಕೆ ಇಲ್ಲದಿದ್ದರೆ ಬಿಡಿ, ಪೆಟ್ಟಿಗೆ ಮಾಡೋರು ಬೇರೆ ಇದ್ದಾರೆ' ಅಂತ ಉತ್ತರ ಬರುತ್ತಿತ್ತು. ಕೆಲಸಕ್ಕೆ ಸೇರುವವರು ಸಂದರ್ಶನದಲ್ಲಿ 'ಮೊದಲು ನಿಮ್ಮ ಬ್ಯಾಲೆನ್ಸ್ ಶೀಟ್ ತೋರಿಸಿ' ಅಂತ ಕೇಳಲು ಆಗುತ್ತದಾ? ಆರು ತಿಂಗಳು ಮುಂಚೆ ಫೀಸು ಕಟ್ಟುವ ತಂದೆ-ತಾಯಿ, ಮನೆ ಕಟ್ಟಿಸಲು ಮುಂಗಡ ಕೊಡುವ ದಂಪತಿ ಕೇಳುತ್ತಾರಾ? ಬ್ಯಾಂಕು ಕೇಳಿದರೆ ಕೊಡಲೇಬೇಕು, ಬಲ ಇಲ್ಲದವರು ಕೇಳಿದರೆ ಅದು ಅವಮಾನ ಮಾಡಿದ ಹಾಗೆ. ಲೆಕ್ಕ ಸಾರ್ವಜನಿಕ ದಾಖಲೆಯಲ್ಲಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಇನ್ನೊಂದು ಮಾತು. ನಾಳೆ ನಿಮಗೆ ಮಾಲು ಕೊಡುವವರು ಇವತ್ತು ಬರೀ ಸಾರ್ವಜನಿಕರು. ಇಂಥವರೇ ಬರುತ್ತಾರೆ ಅಂತ ಹೆಸರು ಹಿಡಿದು ಹೇಳಲು ಆಗುವುದಿಲ್ಲ. ಆದ್ದರಿಂದ 'ಸಂಬಂಧಪಟ್ಟವರಿಗೆ ಮಾತ್ರ' ಅಂದರೆ ತಡವಾಯಿತು ಅಂತಲೇ ಅರ್ಥ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಈಗ ದೊಡ್ಡ ಖಾಸಗಿ ಕಂಪನಿಗಳ ಮಾತು. ಅಮೆರಿಕದಲ್ಲಿ ಷೇರು ಪೇಟೆಗೆ ಬಾರದ ಕಂಪನಿ ಸಾಮಾನ್ಯವಾಗಿ ತನ್ನ ಲೆಕ್ಕವನ್ನು ಹೊರಗೆ ಕೊಡಬೇಕಾಗಿಲ್ಲ. ಕಾರ್ಗಿಲ್, ಕೋಕ್ ಇಂಡಸ್ಟ್ರೀಸ್‌ನಂಥ ದೈತ್ಯ ಕಂಪನಿಗಳಿಗೂ ಇದೇ ನಿಯಮ. ಷೇರುದಾರರ ಸಂಖ್ಯೆ ಒಂದು ಮಿತಿ ದಾಟಿದರೆ ಮಾತ್ರ ಲೆಕ್ಕ ಬಿಚ್ಚಬೇಕು. ಆ ಮಿತಿ 500 ಇತ್ತು. 2012ರಲ್ಲಿ ಅದನ್ನು ಬಹುಮಟ್ಟಿಗೆ 2,000ಕ್ಕೆ ಏರಿಸಿದರು. ಹಾಗಾಗಿ ಕಂಪನಿಗಳು ಮುಚ್ಚಿದ ಬಾಗಿಲ ಹಿಂದೆಯೇ ಬಹಳ ದೊಡ್ಡದಾಗಿ ಬೆಳೆಯಲು ದಾರಿಯಾಯಿತು.

ವೀವರ್ಕ್ ಕಂಪನಿಯ ಕಥೆ ಇದಕ್ಕೆ ಒಳ್ಳೆ ಉದಾಹರಣೆ. ಕಟ್ಟಡಗಳನ್ನು ದೀರ್ಘಾವಧಿಗೆ ಬಾಡಿಗೆಗೆ ಹಿಡಿದು, ಅದನ್ನು ತುಂಡು ತುಂಡು ಮಾಡಿ ತಿಂಗಳ ಲೆಕ್ಕದಲ್ಲಿ ಬೇರೆಯವರಿಗೆ ಬಾಡಿಗೆಗೆ ಕೊಡುವ ವ್ಯವಹಾರ. 2019ರ ಜನವರಿಯಲ್ಲಿ ಅದರ ಬೆಲೆ 4,700 ಕೋಟಿ ಡಾಲರ್ ಅಂತ ಹೂಡಿಕೆದಾರರು ಕಟ್ಟಿದ್ದರು. ಆಗಸ್ಟ್ 14ರಂದು, ಷೇರು ಪೇಟೆಗೆ ಬರಲು ಬೇಕಾದ ದಾಖಲೆಯನ್ನು ಕಂಪನಿ ಪ್ರಕಟಿಸಿತು. ಅಲ್ಲಿಯವರೆಗೆ, 2018ರಲ್ಲಿ ಬಾಂಡ್ ಮಾರಿದಾಗ ಬಂದ ಅಷ್ಟಿಷ್ಟು ಅಂಕಿ ಬಿಟ್ಟರೆ, ಹೊರಗಿನವರಿಗೆ ಪೂರ್ತಿ ಚಿತ್ರ ಸಿಕ್ಕಿರಲಿಲ್ಲ. ದಾಖಲೆ ತೆರೆದರೆ 2018ರ ಆದಾಯ ಸುಮಾರು 180 ಕೋಟಿ ಡಾಲರ್, ನಷ್ಟ ಸುಮಾರು 190 ಕೋಟಿ ಡಾಲರ್. ಮುಂದಿನ ವರ್ಷಗಳಲ್ಲಿ ಕಟ್ಟಲೇಬೇಕಾದ ಬಾಡಿಗೆ ಸುಮಾರು 4,700 ಕೋಟಿ ಡಾಲರ್. ಸ್ಥಾಪಕರು ತಮ್ಮ ಪಾಲಿದ್ದ ಕಟ್ಟಡಗಳನ್ನೇ ಕಂಪನಿಗೆ ಬಾಡಿಗೆಗೆ ಕೊಟ್ಟಿದ್ದರು. 'ವೀ' ಅನ್ನುವ ಹೆಸರಿನ ಹಕ್ಕಿಗೆ ಅವರಿಗೆ ಸೇರಿದ ಸಂಸ್ಥೆಗೆ ಕಂಪನಿ 59 ಲಕ್ಷ ಡಾಲರ್ ಕೊಟ್ಟಿತ್ತು. ಟೀಕೆ ಬಂದ ಮೇಲೆ ಆ ದುಡ್ಡು ವಾಪಸ್ ಬಂತು.

ಇದನ್ನು ಓದಿದವರು ಸರ್ಕಾರದವರು ಮಾತ್ರ ಅಲ್ಲ. ಪತ್ರಕರ್ತರು, ಅಧ್ಯಾಪಕರು, ಮನೆಯಲ್ಲಿ ಕೂತು ಲೆಕ್ಕ ನೋಡುವ ಸಾಮಾನ್ಯರು. ಏಳು ವಾರದೊಳಗೆ ಸ್ಥಾಪಕರು ಕುರ್ಚಿ ಬಿಟ್ಟರು, ಕಂಪನಿ ದಾಖಲೆ ಹಿಂಪಡೆಯಿತು. ಅಕ್ಟೋಬರ್‌ನಲ್ಲಿ ಅದರ ಬೆಲೆ 800 ಕೋಟಿ ಡಾಲರ್ ಆಸುಪಾಸಿಗೆ ಇಳಿದಿತ್ತು. ಆಗಸ್ಟ್‌ನಿಂದ ಅಕ್ಟೋಬರ್‌ಗೆ ಆ ವ್ಯವಹಾರದಲ್ಲಿ ಏನೂ ಬದಲಾಗಿರಲಿಲ್ಲ. ಕಟ್ಟಡಗಳು ಅವೇ, ಬಾಡಿಗೆದಾರರು ಅವರೇ. ಬದಲಾಗಿದ್ದು ಒಂದೇ, ಲೆಕ್ಕ ಕಣ್ಣಿಗೆ ಬಿತ್ತು. ಅದರ ಮುಂಚಿನ ವರ್ಷಗಳಲ್ಲಿ ಸಂಬಳದ ಒಂದು ಪಾಲಿನ ಬದಲು ಕಂಪನಿಯ ಷೇರಿನ ಹಕ್ಕು ತಗೊಂಡ ನೌಕರರನ್ನು ನೆನೆದರೆ ನನಗೆ ಬೇಸರವಾಗುತ್ತದೆ. ಆ ಕಾಗದದ ಬೆಲೆ ಎಷ್ಟು ಅಂತ ನೋಡಲು ಅವರಿಗೆ ದಾರಿಯೇ ಇರಲಿಲ್ಲ.

ಥೆರನೋಸ್ ಇನ್ನೂ ಘೋರ. ಅದು ರಕ್ತಪರೀಕ್ಷೆಯ ಖಾಸಗಿ ಕಂಪನಿ. 2014ರಲ್ಲಿ 10 ಕೋಟಿ ಡಾಲರಿಗೂ ಜಾಸ್ತಿ ಆದಾಯ ಬರುತ್ತದೆ ಅಂತ ಹೂಡಿಕೆದಾರರಿಗೆ ಹೇಳಿತ್ತು. ನಿಜವಾಗಿ ಬಂದದ್ದು ಒಂದು ಲಕ್ಷ ಡಾಲರಿಗಿಂತ ಸ್ವಲ್ಪ ಜಾಸ್ತಿ ಅಂತ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆ 2018ರಲ್ಲಿ ಆರೋಪಿಸಿತು. ಸಾವಿರ ಪಟ್ಟು ವ್ಯತ್ಯಾಸ! ಸಾರ್ವಜನಿಕ ದಾಖಲೆಗೆ ಸಹಿ ಹಾಕಿ ಲೆಕ್ಕ ಕೊಡಬೇಕಾಗಿದ್ದರೆ ಇಷ್ಟು ದೊಡ್ಡ ಅಂತರವನ್ನು ಅಷ್ಟು ದಿನ ಮುಚ್ಚಿಡುವುದು ಬಹಳ ಕಷ್ಟವಾಗುತ್ತಿತ್ತು.

ತೆರೆದ ಲೆಕ್ಕದಲ್ಲೂ ಮೋಸ ಆಗಲ್ವಾ? ಆಗುತ್ತದೆ. ಅಮೆರಿಕದ ಎನ್ರಾನ್, ಜರ್ಮನಿಯ ವೈರ್‌ಕಾರ್ಡ್ ಎರಡೂ ಷೇರು ಪೇಟೆಯಲ್ಲಿದ್ದ ಕಂಪನಿಗಳು, ಲೆಕ್ಕ ಪ್ರಕಟಿಸುತ್ತಿದ್ದವು. 2020ರಲ್ಲಿ ವೈರ್‌ಕಾರ್ಡ್‌ನ ಪುಸ್ತಕದಲ್ಲಿದ್ದ 190 ಕೋಟಿ ಯೂರೊ ಎಲ್ಲೂ ಇರಲಿಲ್ಲ. ಆದರೆ ಪ್ರಕಟವಾದ ಸುಳ್ಳು ಮುಂದೆ ಸಾಕ್ಷಿಯಾಗುತ್ತದೆ. ಅದನ್ನು ಹಿಡಿದು ಅಂಕಿ ಅಂಕಿ ಹೋಲಿಸಿ ಪತ್ರಕರ್ತರು ವರ್ಷಗಟ್ಟಲೆ ಪ್ರಶ್ನೆ ಕೇಳಿದರು. ಪ್ರಕಟವೇ ಆಗದಿದ್ದರೆ ಕೇಳಲು ಏನಿರುತ್ತಿತ್ತು?

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ನೋವಿಗೆ ಬರುತ್ತೇನೆ. ಅದು ಸಣ್ಣ ವಿಷಯವಲ್ಲ. 'ಎಲ್ಲರಿಗೂ ಒಂದೇ ಕಾನೂನು, ಸಹಿಸಿಕೊಳ್ಳಿ' ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಹತ್ತಾರು ದೇಶಗಳಲ್ಲಿ ನೂರಾರು ಬಗೆಯ ಸಾಮಾನು ಮಾರುವ ದೊಡ್ಡ ಕಂಪನಿಯ ಲಾಭ-ನಷ್ಟದ ಪಟ್ಟಿಯನ್ನು ತೆಗೆದು ನೋಡಿ. ಎಲ್ಲ ಸೇರಿಸಿ ಒಂದು ಅಂಕಿ. ಯಾವ ಸಾಮಾನಿನಲ್ಲಿ ಎಷ್ಟು ಉಳಿಯಿತು ಅಂತ ಅದರಿಂದ ಯಾರಿಗೂ ತಿಳಿಯುವುದಿಲ್ಲ. ನಿಮ್ಮದು ಹಾಗಲ್ಲ. ನೀವು ಮಾಡುವುದು ಎರಡೋ ಮೂರೋ ಬಿಡಿಭಾಗ, ಕೊಳ್ಳುವವರು ನಾಲ್ಕೈದು ಜನ. ನಿಮ್ಮ ಪಟ್ಟಿಯನ್ನು ನೋಡಿದ ತಕ್ಷಣ ಒಂದೊಂದು ತುಂಡಿನ ಮೇಲೆ ನಿಮಗೆ ಎಷ್ಟು ಉಳಿಯುತ್ತದೆ ಅಂತ ಬಲ್ಲವರು ಹತ್ತು ನಿಮಿಷದಲ್ಲಿ ಲೆಕ್ಕ ಹಾಕುತ್ತಾರೆ. ಒಂದೇ ನಿಯಮ, ಆದರೆ ದೊಡ್ಡವರು ಅದರಡಿ ಮರೆಯಾಗುತ್ತಾರೆ, ಚಿಕ್ಕವರು ಬಯಲಾಗುತ್ತಾರೆ. ಮಾಲೀಕರು ಇಬ್ಬರೇ ಇರುವ ಕಡೆ ಕಂಪನಿಯ ಲಾಭ ಅಂದರೆ ಹೆಚ್ಚು ಕಮ್ಮಿ ಆ ಮನೆಯ ಆದಾಯ. ಅದು ನೆಂಟರಿಷ್ಟರ ಬಾಯಿಗೆಲ್ಲ ಬೀಳುವುದು ಯಾರಿಗೆ ಇಷ್ಟ ಆಗುತ್ತದೆ?

ಈ ವಾದ ಯುರೋಪಿನ ನ್ಯಾಯಾಲಯಕ್ಕೂ ಹೋಗಿದೆ. ಜರ್ಮನಿಯಲ್ಲಿ ದೈಹಾತ್ಸು ಕಾರುಗಳ ವಿತರಣೆ ಮಾಡುತ್ತಿದ್ದ ಖಾಸಗಿ ಕಂಪನಿ 1989ರಿಂದ ಲೆಕ್ಕ ಪ್ರಕಟಿಸಿರಲಿಲ್ಲ. ಅದರ ಕಾರು ಮಾರುವ ಡೀಲರುಗಳ ಸಂಘ, ದಂಡ ಹಾಕಿ ಲೆಕ್ಕ ಹೊರಡಿಸಿ ಅಂತ ಕೇಳಿತು. ಜರ್ಮನ್ ಕಾನೂನಿನ ಪ್ರಕಾರ ಹಾಗೆ ಕೇಳಬಹುದಾಗಿದ್ದವರು ಷೇರುದಾರರು, ಸಾಲ ಕೊಟ್ಟವರು, ನೌಕರರ ಮಂಡಳಿ ಮಾತ್ರ. 1997ರ ಡಿಸೆಂಬರ್‌ನಲ್ಲಿ ಯುರೋಪಿನ ನ್ಯಾಯಾಲಯ, ಹಾಗೆ ಕೆಲವರಿಗೆ ಮಾತ್ರ ಹಕ್ಕು ಕೊಡುವುದು ತಪ್ಪು ಅಂದಿತು. 2004ರಲ್ಲಿ ಇನ್ನೊಂದು ಪ್ರಕರಣ. ಆಕ್ಸೆಲ್ ಸ್ಪ್ರಿಂಗರ್ ಅನ್ನುವ ಪ್ರಕಾಶನ ಸಂಸ್ಥೆ ತನ್ನ ಎದುರಾಳಿ ಪತ್ರಿಕಾ ಸಂಸ್ಥೆಯ ಲೆಕ್ಕ ಕೇಳಿತು. ಪೈಪೋಟಿಯವರೂ ಕೇಳಬಹುದು ಅಂತ ಉತ್ತರ ಬಂತು. ಕಾನೂನಿನ ತರ್ಕ ಸರಿಯೇ, ಬಾಗಿಲು ತೆರೆದರೆ ಯಾರು ಒಳಗೆ ಬರುತ್ತಾರೆ ಅಂತ ಆರಿಸಲು ಆಗುವುದಿಲ್ಲ. ಹಾಗಿದ್ದ ಮೇಲೆ ಆರಿಸಬೇಕಾದದ್ದು ಒಳಗೆ ಏನಿಡಬೇಕು ಅನ್ನುವುದನ್ನು. ಅದೇ ನ್ಯಾಯಾಲಯ 2022ರ ನವೆಂಬರ್‌ನಲ್ಲಿ, ಕಂಪನಿಗಳ ನಿಜವಾದ ಮಾಲೀಕರ ವಿವರವನ್ನು ಕಂಡಕಂಡವರಿಗೆಲ್ಲ ತೆರೆದಿಡುವ ನಿಯಮವನ್ನು ರದ್ದು ಮಾಡಿತು. ಕಾರಣ, ವ್ಯಕ್ತಿಯ ಖಾಸಗಿ ಬದುಕು. ಕಂಪನಿಯ ಲೆಕ್ಕ ಒಂದು, ಮನುಷ್ಯನ ಮನೆ ಇನ್ನೊಂದು ಅನ್ನುವ ಗೆರೆ ಅಲ್ಲಿ ಕಾಣುತ್ತದೆ.

ಆ ಗೆರೆಯನ್ನು ಎಲ್ಲಿ ಎಳೆಯಬೇಕು? ಬೇರೆ ಬೇರೆ ದೇಶಗಳು ಬೇರೆ ಬೇರೆ ಕಡೆ ಎಳೆದಿವೆ. ಯುರೋಪಿನ 2013ರ ನಿರ್ದೇಶನ, ಸಣ್ಣ ಕಂಪನಿಗಳು ಬ್ಯಾಲೆನ್ಸ್ ಶೀಟ್ ಮಾತ್ರ ಕೊಟ್ಟು ಲಾಭ-ನಷ್ಟದ ಪಟ್ಟಿಯನ್ನು ಪ್ರಕಟಿಸದೆ ಇರಲು ದೇಶಗಳಿಗೆ ಅವಕಾಶ ಕೊಟ್ಟಿದೆ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ ದೊಡ್ಡ ಖಾಸಗಿ ಕಂಪನಿಗಳು ಮಾತ್ರ ಲೆಕ್ಕ ಸಲ್ಲಿಸಬೇಕು. ನೌಕರರು 100, ವಾರ್ಷಿಕ ಆದಾಯ 5 ಕೋಟಿ, ಆಸ್ತಿ 2.5 ಕೋಟಿ ಆಸ್ಟ್ರೇಲಿಯನ್ ಡಾಲರ್, ಈ ಮೂರರಲ್ಲಿ ಎರಡು ಮುಟ್ಟಿದರೆ ಅದು ದೊಡ್ಡ ಕಂಪನಿ. ಅಲ್ಲಿ ಕೆಲವು ಹಳೆಯ ದೊಡ್ಡ ಕಂಪನಿಗಳಿಗೆ 1995ರಿಂದ ವಿನಾಯಿತಿ ಇತ್ತು, 2022ರಲ್ಲಿ ತೆಗೆದರು. ಒಳ್ಳೆಯದೇ ಆಯಿತು. ಭಾರತದ 1956ರ ಕಂಪನಿ ಕಾನೂನಿನಲ್ಲಿ ಖಾಸಗಿ ಕಂಪನಿಯ ಬ್ಯಾಲೆನ್ಸ್ ಶೀಟನ್ನು ಹೊರಗಿನವರು ನೋಡಬಹುದಿತ್ತು, ಲಾಭ-ನಷ್ಟದ ಪಟ್ಟಿಯನ್ನು ನೋಡುವಂತಿರಲಿಲ್ಲ. 2013ರ ಕಾನೂನಿನಲ್ಲಿ ಆ ಮರೆ ಹೋಯಿತು. ಚಿಕ್ಕ ಕಂಪನಿಗಳ ಮಟ್ಟಿಗೆ ಹಳೆಯ ನಿಯಮವೇ ಚೆನ್ನಾಗಿತ್ತು ಅನ್ನುವುದು ನನ್ನ ಅಭಿಪ್ರಾಯ.

ಯಾಕೆಂದರೆ ಮಾಲು ಕೊಡುವವರಿಗೆ, ನೌಕರರಿಗೆ ಬೇಕಾದದ್ದು ನಿಮ್ಮ ಲಾಭ ಎಷ್ಟು ಅಂತ ಅಲ್ಲ. ನೀವು ನಾಳೆಯೂ ಇರುತ್ತೀರಾ, ಬಾಕಿ ತೀರಿಸುತ್ತೀರಾ ಅಂತ. ಅದಕ್ಕೆ ಬ್ಯಾಲೆನ್ಸ್ ಶೀಟ್ ಸಾಕು. ಸ್ವಂತ ಬಂಡವಾಳ ಎಷ್ಟು, ಸಾಲ ಎಷ್ಟು, ವರ್ಷದೊಳಗೆ ಕೊಡಬೇಕಾದದ್ದು ಎಷ್ಟು, ವರ್ಷದೊಳಗೆ ಬರಬೇಕಾದದ್ದು ಎಷ್ಟು, ಯಾವ ಆಸ್ತಿ ಯಾರಿಗೆ ಒತ್ತೆ, ಡೈರೆಕ್ಟರುಗಳು ಕಂಪನಿಯಿಂದ ಎಷ್ಟು ಕೈಗಡ ತಗೊಂಡಿದ್ದಾರೆ. ಇಷ್ಟನ್ನು ಚಿಕ್ಕವರೂ ತೋರಿಸಲಿ. ಮಾರಾಟ, ಲಾಭ, ಗಿರಾಕಿಗಳ ಹೆಸರು ಅವರ ಹತ್ತಿರವೇ ಇರಲಿ. ದೊಡ್ಡ ಕಂಪನಿಗೆ ಮಾತ್ರ ಈ ರಿಯಾಯಿತಿ ಬೇಡ. ಸಾವಿರಾರು ಜನರ ಸಂಬಳ, ಪಿಂಚಣಿ ಅದರ ಕೈಯಲ್ಲಿರುವಾಗ ಅದು ಖಾಸಗಿ ಅನ್ನುವುದು ಹೆಸರಿಗೆ ಮಾತ್ರ. ಬ್ರಿಟನ್ನಿನ ಬಿಎಚ್‌ಎಸ್ ಅಂಗಡಿ ಸರಣಿ ಖಾಸಗಿ ಒಡೆತನದಲ್ಲಿತ್ತು. 2015ರಲ್ಲಿ ಅದನ್ನು ಒಂದು ಪೌಂಡಿಗೆ ಮಾರಿದರು, 2016ರಲ್ಲಿ ಮುಳುಗಿತು. 11,000 ಜನರ ಕೆಲಸ ಹೋಯಿತು, ಪಿಂಚಣಿ ನಿಧಿಯಲ್ಲಿ 57.1 ಕೋಟಿ ಪೌಂಡ್ ಕೊರತೆ. ಹಿಂದಿನ ವರ್ಷಗಳಲ್ಲಿ ಮಾಲೀಕರಿಗೆ ಲಾಭದ ಪಾಲಾಗಿ ಹೊರಗೆ ಹೋದ ಡಿವಿಡೆಂಡಿನ ಲೆಕ್ಕ ದಾಖಲೆಯಲ್ಲಿ ಇತ್ತು. ಅದನ್ನು ಹಿಡಿದೇ ಸಂಸತ್ತಿನ ಸಮಿತಿಗಳು ಪ್ರಶ್ನೆ ಹಾಕಿದವು. 2017ರಲ್ಲಿ ಹಿಂದಿನ ಮಾಲೀಕರು ಪಿಂಚಣಿಗೆ 36.3 ಕೋಟಿ ಪೌಂಡ್ ಕೊಡಲು ಒಪ್ಪಿದರು.

ನನಗೆ ಅಳತೆಗಿಂತ ದೊಡ್ಡ ಚಿಂತೆ ಹೊತ್ತಿನದು. ಬ್ರಿಟನ್ನಿನಲ್ಲಿ ಖಾಸಗಿ ಕಂಪನಿಗೆ ವರ್ಷ ಮುಗಿದ ಮೇಲೆ 9 ತಿಂಗಳ ಗಡುವು ಇದೆ. ಮುಂದಿನ ಲೆಕ್ಕ ಬರುವವರೆಗೆ ನೀವು ನೋಡುತ್ತಿರುವ ಅಂಕಿ 21 ತಿಂಗಳು ಹಳತಾಗಿರಬಹುದು. ಪೆಟ್ಟಿಗೆಯವರ ದುಡ್ಡು ಮುಳುಗಿದ್ದು 14 ತಿಂಗಳಲ್ಲಿ. ಹಾಗಾಗಿ ಪುಟಗಟ್ಟಲೆ ತಡವಾಗಿ ಕೊಡುವುದಕ್ಕಿಂತ ಎರಡು ಪುಟ ಬೇಗ ಕೊಡುವುದು ಮೇಲು. ಅಲ್ಲೇ 2017ರಿಂದ ಇನ್ನೊಂದು ನಿಯಮ ಇದೆ. ಮಾಲು ಕೊಟ್ಟವರಿಗೆ ಸರಾಸರಿ ಎಷ್ಟು ದಿನದಲ್ಲಿ ದುಡ್ಡು ಕೊಡುತ್ತೇವೆ ಅಂತ ದೊಡ್ಡ ಕಂಪನಿಗಳು ವರ್ಷಕ್ಕೆ ಎರಡು ಸಲ ಪ್ರಕಟಿಸಬೇಕು. ನಿಮ್ಮಂಥವರಿಗೆ ಇಡೀ ವಾರ್ಷಿಕ ವರದಿಗಿಂತ ಆ ಒಂದು ಅಂಕಿ ಜಾಸ್ತಿ ಉಪಯೋಗ. 40 ದಿನ ಇದ್ದದ್ದು 55, ಆಮೇಲೆ 80 ಆಯಿತು ಅಂದರೆ ಬೇರೆ ಏನೂ ಓದಬೇಕಾಗಿಲ್ಲ.

ಈಗ ನೀವು ಮಾಡಬಹುದಾದದ್ದು. ನಿಮ್ಮ ದೇಶದ ಕಾನೂನಿನಲ್ಲಿ ಚಿಕ್ಕ ಕಂಪನಿಗೆ ಸಂಕ್ಷಿಪ್ತ ಲೆಕ್ಕದ ಅವಕಾಶ ಇದ್ದರೆ ಅದನ್ನು ಬಳಸಿ. ಬಹಳ ಜನ ಆಡಿಟರುಗಳು ಅಭ್ಯಾಸಬಲದಿಂದ ಪೂರ್ತಿ ಪಟ್ಟಿಯನ್ನೇ ಕಳಿಸಿಬಿಡುತ್ತಾರೆ. ಕಡ್ಡಾಯ ಎಷ್ಟು, ನಾವೇ ಸುಮ್ನೆ ಕೊಡುತ್ತಿರುವುದು ಎಷ್ಟು ಅಂತ ಕೇಳಿ. ರೇಟು ಇಳಿಸಿ ಅಂದ ಗಿರಾಕಿಯೂ ಕಂಪನಿಯೇ ಆಗಿದ್ದರೆ ಅವರ ಲೆಕ್ಕವೂ ನೀವು ಲೆಕ್ಕ ಸಲ್ಲಿಸುವ ಕಚೇರಿಯಲ್ಲೇ ಇರುತ್ತದೆ. ಮುಂದಿನ ಮಾತುಕತೆಗೆ ಮುಂಚೆ ಅದನ್ನು ತೆಗೆದು ನೋಡಿ. ಅವರ ಲಾಭ ಏರಿದೆಯಾ, ಮಾಲು ಕೊಡುವವರ ಬಾಕಿಯನ್ನು ಅವರು ಎಷ್ಟು ದಿನ ಎಳೆಯುತ್ತಿದ್ದಾರೆ? ಮೇಜಿನ ಆಚೆ ಕೂತವರ ಅಂಕಿಯೂ ನಿಮ್ಮ ಕೈಯಲ್ಲಿರಲಿ.

ಮುಳುಗಿದ ಕಂಪನಿಯ ಬಗ್ಗೆ ಒಂದು ಮಾತು. ಎರಡು ವರ್ಷ ಲೆಕ್ಕ ಸಲ್ಲಿಸಲಿಲ್ಲ ಅನ್ನುವುದೇ ದೊಡ್ಡ ಸುಳಿವಾಗಿತ್ತು. ಚೆನ್ನಾಗಿ ನಡೆಯುವ ಕಂಪನಿ ಹಾಗೆ ತಡ ಮಾಡುವುದು ಅಪರೂಪ. ಹೊಸ ಉದ್ರಿ ಖಾತೆ ತೆರೆಯುವ ಮುಂಚೆ, ಆಮೇಲೆ ಆರು ತಿಂಗಳಿಗೊಮ್ಮೆ, ಕೊನೆಯ ಲೆಕ್ಕ ಯಾವ ತಾರೀಖಿನದು ಅಂತ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಆಡಿಟರ್ ಬದಲಾಗಿದ್ದಾರಾ, ಹೊಸ ಒತ್ತೆ ದಾಖಲಾಗಿದೆಯಾ ಅಂತಲೂ ನೋಡಿ. ಅವರು ಲೆಕ್ಕ ನಿಲ್ಲಿಸುವ ಮುಂಚಿನ ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಸಿಕ್ಕರೆ ನನಗೆ ಕಳಿಸಿ. ಸುಳಿವು ಯಾವ ಸಾಲಿನಲ್ಲಿತ್ತು ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ.